ಐದು ಕಿಲೋ ಇಳಿದರೂ ಲಾಭವೇ

ಸಂಪಾದಕರಿಗೆ ನಮಸ್ಕಾರ.

ಬೊಜ್ಜಿನ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಆಗಾಗ ಬರೆಯುತ್ತೀರಿ, ಒಳ್ಳೆಯದೇ. ಆದರೆ ಹೆಚ್ಚಿನ ಬರಹಗಳಲ್ಲಿ ಅರ್ಧ ಹೆದರಿಸುವುದು, ಇನ್ನರ್ಧ ಮೂವತ್ತೋ ನಲವತ್ತೋ ಕಿಲೋ ಇಳಿಸಿಕೊಂಡ ಯಾರದೋ ಎರಡು ಫೋಟೋ. ಇದನ್ನು ನೋಡಿದ 82 ಕಿಲೋದ ಮನುಷ್ಯ ಏನು ಮಾಡುತ್ತಾನೆ? 'ನನ್ನ ಕೈಲಿ ಇದೆಲ್ಲ ಆಗೋದಲ್ಲ' ಅಂದುಕೊಂಡು ಪೇಪರ್ ಮಡಚಿಟ್ಟು ಇನ್ನೆರಡು ಇಡ್ಲಿ ಹಾಕಿಸಿಕೊಳ್ಳುತ್ತಾನೆ. ಅವನಿಗೆ ಯಾರೂ ಸರಿಯಾಗಿ ಹೇಳದ ವಿಷಯ ಒಂದಿದೆ. ಅವನು 60 ಕಿಲೋಗೆ ಬರಲೇಬೇಕೆಂದಿಲ್ಲ. 77ಕ್ಕೋ 76ಕ್ಕೋ ಬಂದು ಅಲ್ಲೇ ನಿಂತರೂ ದೇಹಕ್ಕೆ ಆಗುವ ಲಾಭ ಬಹಳ ದೊಡ್ಡದು.

ನಾನು ಡಾಕ್ಟರಲ್ಲ. ಮೈಸೂರಿನಲ್ಲಿ ಹೈಸ್ಕೂಲ್ ಪಿ.ಟಿ. ಮೇಷ್ಟ್ರಾಗಿದ್ದು ನಿವೃತ್ತನಾದವನು. ಮಕ್ಕಳನ್ನು ಓಡಿಸಿದ್ದು ಸಾಲದು ಅಂತ ಈಗ ಅವರ ಅಪ್ಪಂದಿರ ಬೆನ್ನು ಬಿದ್ದಿದ್ದಾರೆ ಎಂದು ಮನೆಯಲ್ಲಿ ತಮಾಷೆ ಮಾಡುತ್ತಾರೆ, ಮಾಡಲಿ. ಓದಿ ತಿಳಿದದ್ದನ್ನೇ ಬರೆಯುತ್ತಿದ್ದೇನೆ.

ಅಮೆರಿಕದಲ್ಲಿ 1996ರಲ್ಲಿ ಒಂದು ದೊಡ್ಡ ಅಧ್ಯಯನ ಶುರುವಾಯಿತು. ಸಕ್ಕರೆ ಕಾಯಿಲೆ ಇನ್ನೂ ಬಂದಿಲ್ಲ, ಆದರೆ ಹೊಸ್ತಿಲಲ್ಲಿ ನಿಂತಿದೆ ಎನ್ನುವಂಥ 3,234 ಜನರನ್ನು ಆರಿಸಿಕೊಂಡರು. ಒಂದು ಗುಂಪಿಗೆ ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆ ಕೊಟ್ಟರು. ಒಂದು ಗುಂಪಿಗೆ ಔಷಧಿಯೇ ಇಲ್ಲದ ಖಾಲಿ ಮಾತ್ರೆ. ಇನ್ನೊಂದು ಗುಂಪಿಗೆ ಮಾತ್ರೆಯೇ ಇಲ್ಲ, ಊಟ ಸ್ವಲ್ಪ ಕಡಿಮೆ ಮಾಡಿ, ವಾರಕ್ಕೆ 150 ನಿಮಿಷ ಚುರುಕಾಗಿ ನಡೆಯಿರಿ, ಇರುವ ತೂಕದಲ್ಲಿ ಶೇ 7 ಇಳಿಸಿ ಎಂದರು, ಅಷ್ಟೇ. 82 ಕಿಲೋದವನಿಗೆ ಶೇ 7 ಅಂದರೆ ಆರು ಕಿಲೋಗಿಂತ ಕಡಿಮೆಯೇ. 2002ರಲ್ಲಿ ಫಲಿತಾಂಶ ಬಂತು. ಖಾಲಿ ಮಾತ್ರೆಯವರಿಗೆ ಹೋಲಿಸಿದರೆ ಮೆಟ್‌ಫಾರ್ಮಿನ್ ತೆಗೆದುಕೊಂಡವರಲ್ಲಿ ಸಕ್ಕರೆ ಕಾಯಿಲೆ ಬರುವುದು ಶೇ 31ರಷ್ಟು ಕಡಿಮೆಯಾಗಿತ್ತು. ನಡೆದು ತೂಕ ಇಳಿಸಿದವರಲ್ಲಿ ಶೇ 58. ಆಮೇಲೆ ಅದೇ ಲೆಕ್ಕಗಳನ್ನು ಬಿಡಿಸಿ ನೋಡಿದಾಗ, ಇಳಿಸಿದ ಒಂದೊಂದು ಕಿಲೋಗೂ ಕಾಯಿಲೆಯ ಅಪಾಯ ಸುಮಾರು ಶೇ 16 ತಗ್ಗಿದ್ದು ಕಂಡಿತು. ಒಂದೊಂದು ಕಿಲೋಗೂ! ಇದನ್ನು ಯಾಕೆ ದಪ್ಪಕ್ಷರದಲ್ಲಿ ಹಾಕುವುದಿಲ್ಲ? ಐದು ಕಿಲೋ ಇಳಿಸಿದವರ ಫೋಟೋದಲ್ಲಿ ವ್ಯತ್ಯಾಸ ಕಾಣುವುದಿಲ್ಲವಲ್ಲ, ಅದಕ್ಕೇ ಇರಬೇಕು.

ಮಂಡಿ ನೋವಿನವರ ಕಥೆಯೂ ಹೀಗೆಯೇ. ದಪ್ಪಗಿದ್ದು ಮಂಡಿ ಸವೆದಿರುವ ವಯಸ್ಸಾದವರನ್ನು ನಡೆಸಿ ಅಳತೆ ಮಾಡಿದಾಗ, ತೂಕ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೆ ಮಂಡಿಯ ಮೇಲೆ ಬೀಳುವ ಭಾರ ನಾಲ್ಕು ಕಿಲೋ ಇಳಿಯುತ್ತದೆ ಎಂದು ಗೊತ್ತಾಯಿತು. ಐದು ಕಿಲೋ ಇಳಿಸಿದರೆ ಇಪ್ಪತ್ತು. ದಿನಕ್ಕೆ ಎಷ್ಟು ಹೆಜ್ಜೆ ಹಾಕುತ್ತೀರಿ, ನೀವೇ ಗುಣಿಸಿಕೊಳ್ಳಿ. ಬಿಪಿಯೂ ಇಳಿಯುತ್ತದೆ, ಸರಾಸರಿ ನೋಡಿದರೆ ಕಿಲೋಗೆ ಒಂದು ಪಾಯಿಂಟ್ ಹತ್ತಿರ. ಪಿಸಿಓಡಿ (ಮುಟ್ಟು ಏರುಪೇರಾಗುವ ಅಂಡಾಶಯದ ತೊಂದರೆ) ಇರುವ ಹೆಣ್ಣುಮಕ್ಕಳಲ್ಲಿ ಶೇ 5 ತೂಕ ಇಳಿದರೆ ಎಷ್ಟೋ ಸಲ ಮುಟ್ಟು ತಾನಾಗಿಯೇ ಸರಿಹೋಗುತ್ತದೆ. ಗಂಟಲ ಸುತ್ತಲಿನ ಕೊಬ್ಬು ಕರಗಿದರೆ ಗೊರಕೆಯೂ ತಗ್ಗುತ್ತದೆ. ಗೊರಕೆಯೆಂದರೆ ಪಕ್ಕದವರ ನಿದ್ದೆ ಹಾಳು ಅಷ್ಟೇ ಅಲ್ಲ. ಕೆಲವರಿಗೆ ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುತ್ತಿರುತ್ತದೆ, ಹಗಲೆಲ್ಲ ತೂಕಡಿಕೆ, ಅಂಥವರು ಕಾರು ಓಡಿಸುತ್ತಾ ರಾತ್ರಿ ಊರಿಗೆ ಹೊರಡುತ್ತಾರೆ.

ಇನ್ನು ಫ್ಯಾಟಿ ಲಿವರ್, ಅಂದರೆ ಲಿವರಿನಲ್ಲಿ ಕೊಬ್ಬು ತುಂಬುವುದು. ಮಾಸ್ಟರ್ ಚೆಕಪ್ ಮಾಡಿಸಿದ ನಾಲ್ಕು ಜನ ಸೇರಿದರೆ ಅವರಲ್ಲಿ ಒಬ್ಬರ ರಿಪೋರ್ಟಿನಲ್ಲಾದರೂ 'ಗ್ರೇಡ್ ಒನ್ ಫ್ಯಾಟಿ ಲಿವರ್' ಎಂದು ಇದ್ದೇ ಇರುತ್ತದೆ. 'ಎಲ್ಲರಿಗೂ ಇರುತ್ತೆ ಬಿಡಿ' ಎಂದು ಅದನ್ನು ಫೈಲಿಗೆ ಸೇರಿಸುತ್ತಾರೆ. ಕುಡಿಯದವರಿಗೂ ಇದು ಬರುತ್ತದೆ ಎನ್ನುವುದೇ ಹಲವರಿಗೆ ನಂಬಿಕೆಯಾಗುವುದಿಲ್ಲ. ಹಾಗೇ ಬಿಟ್ಟರೆ ಕೆಲವರಲ್ಲಿ ಲಿವರ್ ಊದಿಕೊಂಡು, ಗಟ್ಟಿಯಾಗಿ, ಸಿರೋಸಿಸ್‌ವರೆಗೂ ಹೋಗುತ್ತದೆ. ಆದರೆ ಇಲ್ಲಿ ಸಮಾಧಾನದ ವಿಷಯವೂ ಇದೆ. ದೇಹದ ತೂಕದಲ್ಲಿ ಶೇ 5 ಇಳಿದರೆ ಲಿವರಿನ ಕೊಬ್ಬು ಕರಗಲು ಶುರುವಾಗುತ್ತದೆ. ಶೇ 7ರಿಂದ 10 ಇಳಿದರೆ ಊತವೂ ಕಡಿಮೆಯಾಗುತ್ತದೆ. ಇಷ್ಟು ಉಪಕಾರ ಬುದ್ಧಿ ಇರುವ ಅಂಗ ಇನ್ನೊಂದಿಲ್ಲ.

ಸರಿ, ತೂಕದ ಮಾತಾಯಿತು. ಆದರೆ ನಮ್ಮವರ ಮಟ್ಟಿಗೆ ತೂಕದ ಮೆಷಿನ್ ಪೂರ್ತಿ ನಿಜ ಹೇಳುವುದಿಲ್ಲ. ಕೈಕಾಲು ಸಣ್ಣ, ಮುಖ ಸಣ್ಣ, ಹೊಟ್ಟೆ ಮಾತ್ರ ಮುಂದೆ. ಇಂಥವರು ಪ್ರತಿ ಬೀದಿಯಲ್ಲೂ ಇದ್ದಾರೆ, ಮತ್ತು ಅವರು ತಮ್ಮನ್ನು ದಪ್ಪ ಎಂದು ಅಂದುಕೊಂಡೇ ಇಲ್ಲ. 2004ರಲ್ಲಿ ಲ್ಯಾನ್ಸೆಟ್ ಎನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಇಬ್ಬರು ಡಾಕ್ಟರುಗಳ ಫೋಟೋ ಬಂದಿತ್ತು. ಒಬ್ಬರು ಪುಣೆಯ ಚಿತ್ತರಂಜನ್ ಯಾಜ್ಞಿಕ್, ಇನ್ನೊಬ್ಬರು ಇಂಗ್ಲೆಂಡಿನ ಜಾನ್ ಯುಡ್ಕಿನ್. ಎತ್ತರಕ್ಕೆ ಹೋಲಿಸಿ ತೂಕ ಅಳೆಯುವ ಬಿಎಂಐ ಇಬ್ಬರದೂ 22.3, ಅಂದರೆ ಎತ್ತರಕ್ಕೆ ತಕ್ಕ ತೂಕ, ಯಾವ ಚಾರ್ಟ್ ಹಾಕಿದರೂ ಇಬ್ಬರೂ ನಾರ್ಮಲ್. ಆದರೆ ಮೈಯೊಳಗಿನ ಕೊಬ್ಬು ಅಳೆದರೆ ಯುಡ್ಕಿನ್ ಅವರಲ್ಲಿ ಶೇ 9.1, ಯಾಜ್ಞಿಕ್ ಅವರಲ್ಲಿ ಶೇ 21.2. ಎರಡು ಪಟ್ಟಿಗಿಂತ ಜಾಸ್ತಿ! ಅದಕ್ಕೇ ನಮಗೆ ಬೇರೆ ಅಳತೆಗೋಲು. ಬೇರೆ ಕಡೆ ಬಿಎಂಐ 25 ದಾಟಿದರೆ ಹೆಚ್ಚು ತೂಕ, 30 ದಾಟಿದರೆ ಬೊಜ್ಜು ಎನ್ನುತ್ತಾರೆ. ನಮ್ಮ ದೇಶದ ಡಾಕ್ಟರುಗಳು ಅದನ್ನು 23 ಮತ್ತು 25ಕ್ಕೆ ಇಳಿಸಿದ್ದಾರೆ.

ಯಾಕೆ ಹೀಗೆ ಎನ್ನುವುದಕ್ಕೆ ನಮ್ಮ ಮೈಸೂರಿನಿಂದಲೇ ಒಂದು ಸುಳಿವು ಸಿಕ್ಕಿದೆ, ಇಲ್ಲಿಯವರಿಗೇ ಅಷ್ಟಾಗಿ ಗೊತ್ತಿಲ್ಲ. ಮಿಷನ್ ಆಸ್ಪತ್ರೆ ಎಂದು ಎಲ್ಲರೂ ಕರೆಯುವ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆ ಎಲ್ಲವನ್ನೂ ಬರೆದಿಟ್ಟಿದ್ದರು. ಆ ಪುಸ್ತಕಗಳನ್ನು ಹಿಡಿದು, ಅಲ್ಲಿ ಹುಟ್ಟಿ ದೊಡ್ಡವರಾದವರನ್ನು ಮೈಸೂರಿನ ಬೀದಿಗಳಲ್ಲಿ ಹುಡುಕಿ, 1990ರ ದಶಕದಲ್ಲಿ ಅವರನ್ನು ಪರೀಕ್ಷೆ ಮಾಡಿದರು. ಹುಟ್ಟುವಾಗ ತೂಕ ಕಡಿಮೆ ಇದ್ದವರಲ್ಲಿ ಮುಂದೆ ಹೃದಯದ ಕಾಯಿಲೆ ಜಾಸ್ತಿ ಎಂದು ತಿಳಿಯಿತು. ಹೊಟ್ಟೆಯಲ್ಲಿದ್ದಾಗ ಅರೆಹೊಟ್ಟೆ, ಆಮೇಲೆ ಜೀವನವಿಡೀ ಹೊಟ್ಟೆತುಂಬ. ದೇಹಕ್ಕೆ ಇದು ಒಗ್ಗುವುದಿಲ್ಲ. ನಮ್ಮ ಅಜ್ಜಿ ಅಮ್ಮಂದಿರು ಬಸುರಿಯಾಗಿದ್ದಾಗ ಎಲ್ಲರಿಗೂ ಬಡಿಸಿ ಕೊನೆಯಲ್ಲಿ ಏನು ಉಂಡರು ಎನ್ನುವುದರ ಲೆಕ್ಕ ನಮ್ಮ ಹೊಟ್ಟೆಯಲ್ಲಿ ಕೂತಿದೆ.

ಹೊಟ್ಟೆಯ ಕೊಬ್ಬೇ ಯಾಕೆ ಅಪಾಯ? ತೊಡೆಯಲ್ಲಿ, ಚರ್ಮದ ಕೆಳಗೆ ಕೊಬ್ಬು ಕೂರುವುದು ಕಣಜದಲ್ಲಿ ಭತ್ತ ತುಂಬಿಟ್ಟ ಹಾಗೆ, ಅಷ್ಟೊಂದು ತೊಂದರೆಯಿಲ್ಲ. ನಮ್ಮವರ ಕಣಜ ಚಿಕ್ಕದು. ಅದು ತುಂಬಿದ ಮೇಲೂ ಭತ್ತ ಬರುತ್ತಲೇ ಇದ್ದರೆ ನಡುಮನೆಯಲ್ಲಿ, ದೇವರ ಕೋಣೆಯಲ್ಲಿ ಎಲ್ಲೆಂದರಲ್ಲಿ ಸುರಿಯಬೇಕಾಗುತ್ತದೆ. ಕರುಳಿನ ಸುತ್ತ, ಲಿವರಿನಲ್ಲಿ, ಇನ್ಸುಲಿನ್ ತಯಾರಿಸುವ ಮೇದೋಜೀರಕ ಗ್ರಂಥಿಯಲ್ಲಿ ಕೊಬ್ಬು ಸೇರಿಕೊಳ್ಳುತ್ತದೆ. ಅಲ್ಲಿ ಸೇರಿದ್ದು ಸುಮ್ನೆ ಕೂರುವುದಿಲ್ಲ. ಲಿವರ್ ಇನ್ಸುಲಿನ್ನಿನ ಮಾತು ಕೇಳುವುದು ನಿಲ್ಲಿಸುತ್ತದೆ, ಬೇಡವೆಂದರೂ ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತದೆ, ರಕ್ತದಲ್ಲಿ ಟ್ರೈಗ್ಲಿಸರೈಡ್ ಎನ್ನುವ ಕೊಬ್ಬು ಏರುತ್ತದೆ. ಇದಲ್ಲದೆ ಬೊಜ್ಜಿಗೂ 13 ಬಗೆಯ ಕ್ಯಾನ್ಸರಿಗೂ ನಂಟಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2016ರಲ್ಲೇ ಹೇಳಿದೆ. ಗರ್ಭಕೋಶದ್ದು, ದೊಡ್ಡ ಕರುಳಿನದು, ಮುಟ್ಟು ನಿಂತ ಮೇಲೆ ಬರುವ ಸ್ತನದ ಕ್ಯಾನ್ಸರ್ ಅದರಲ್ಲಿವೆ.

ಹಾಗಾಗಿ ತೂಕದ ಮೆಷಿನ್ ಜೊತೆಗೆ ಟೈಲರ್ ಟೇಪ್ ಒಂದಿರಲಿ, ಹತ್ತಿಪ್ಪತ್ತು ರೂಪಾಯಿಗೆ ಸಿಗುತ್ತದೆ. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80. ಅದರ ಮೇಲೆ ಹೋದರೆ ಎಚ್ಚರ. 90 ಸೆಂಟಿಮೀಟರ್ ಅಂದರೆ ಮೂವತ್ತೈದೂವರೆ ಇಂಚು. 'ನಂದು 34ರ ಪ್ಯಾಂಟು, ನಂಗೇನೂ ಇಲ್ಲ' ಎನ್ನುವವರು ಒಂದು ಗಮನಿಸಿ. ಆ ಪ್ಯಾಂಟನ್ನು ನೀವು ಹಾಕುವುದು ಹೊಟ್ಟೆಯ ಕೆಳಗೆ! ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಟೇಪ್ ಹಿಡಿದು, ಉಸಿರು ಬಿಟ್ಟು ಅಳೆಯಬೇಕು. ಹೊಟ್ಟೆ ಒಳಗೆ ಎಳೆದುಕೊಂಡು ಅಳೆದರೆ ಮೋಸ ಹೋಗುವವರು ನಾವೇ.

ಇದೇನು ಬೆಂಗಳೂರಿನ ಐಟಿಯವರ ಕಾಯಿಲೆ ಅಂದುಕೊಳ್ಳಬೇಡಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲೂ ಗಂಡಸರಲ್ಲೂ ಶೇ 30ರಷ್ಟು ಜನರ ಬಿಎಂಐ 25 ಅಥವಾ ಅದಕ್ಕಿಂತ ಮೇಲೆ. ಹಿಂದಿನ ಸಲ, 2015–16ರಲ್ಲಿ, ಅದು ಶೇ 22–23 ಇತ್ತು. 2023ರಲ್ಲಿ ಬಂದ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಸಮೀಕ್ಷೆ ಹೇಳಿದ್ದು, ದೇಶದಲ್ಲಿ 10.1 ಕೋಟಿ ಜನಕ್ಕೆ ಸಕ್ಕರೆ ಕಾಯಿಲೆ, ಇನ್ನು 13.6 ಕೋಟಿ ಜನ ಹೊಸ್ತಿಲಲ್ಲಿ. ನಾನು ಈ ಪತ್ರ ಬರೆಯುತ್ತಿರುವುದೇ ಆ ಹೊಸ್ತಿಲಲ್ಲಿ ಇರುವವರಿಗಾಗಿ.

ಎಲ್ಲಿಂದ ಬರುತ್ತದೆ ಇದು? ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಸುತ್ತುವವರನ್ನು ನೋಡಿ. ಶೂ ಇದೆ, ಕೈಯಲ್ಲಿ ಹೆಜ್ಜೆ ಎಣಿಸುವ ವಾಚ್ ಇದೆ. ಅರ್ಧ ಗಂಟೆ ಚುರುಕಾಗಿ ನಡೆದರೆ 120–150 ಕ್ಯಾಲರಿ ಖರ್ಚಾಗುತ್ತದೆ. ಅಲ್ಲಿಂದ ಸೀದಾ ಹೋಟೆಲು. ಬೆಣ್ಣೆ ಮಸಾಲೆ ಒಂದರಲ್ಲಿ ಅದರ ಎರಡರಷ್ಟಾದರೂ ಇರುತ್ತದೆ, ವಡೆ ಲೆಕ್ಕಕ್ಕಿಲ್ಲ. ನಡೆಯುವುದು ಬೇಡ ಎನ್ನುತ್ತಿಲ್ಲ. ಹೃದಯಕ್ಕೆ, ನಿದ್ದೆಗೆ, ಮನಸ್ಸಿಗೆ ನಡಿಗೆ ಬೇಕೇ ಬೇಕು. ಆದರೆ ತೂಕ ಇಳಿಯುವುದು ಮುಖ್ಯವಾಗಿ ತಟ್ಟೆಯಿಂದ.

ಕಾಫಿ ನೋಡಿ. ದಿನಕ್ಕೆ ನಾಲ್ಕು ಸಲ, ಎರಡೆರಡು ಚಮಚ ಸಕ್ಕರೆ ಅಂದರೆ ಕಾಫಿಯಿಂದಲೇ 40 ಗ್ರಾಂ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೇಳಿದ್ದು ಇಡೀ ದಿನಕ್ಕೆ 25 ಗ್ರಾಂ ದಾಟಬೇಡಿ ಎಂದು. (ಬೈಟು ಕಾಫಿ ಕಂಡುಹಿಡಿದ ಪುಣ್ಯಾತ್ಮನಿಗೆ ಒಂದು ಪ್ರಶಸ್ತಿ ಕೊಡಬೇಕು.) ಎಣ್ಣೆಯ ವಿಷಯಕ್ಕೆ ಬಂದರೆ, 2025ರ ಫೆಬ್ರುವರಿಯಲ್ಲಿ ಪ್ರಧಾನಿ ರೇಡಿಯೋದಲ್ಲಿ ಎಣ್ಣೆ ಶೇ 10 ಕಡಿಮೆ ಮಾಡಿ ಎಂದರು, ಒಂದಷ್ಟು ದಿನ ಸುದ್ದಿಯಾಯಿತು, ಮರೆತೂ ಹೋಯಿತು. ಲೆಕ್ಕ ಹಾಕಿ ನೋಡೋಣ. ನಾಲ್ಕು ಜನರ ಮನೆಯಲ್ಲಿ ತಿಂಗಳಿಗೆ ನಾಲ್ಕು ಲೀಟರ್ ಖರ್ಚಾದರೆ, ಶೇ 10 ಅಂದರೆ 400 ಮಿಲಿ. ತಲೆಗೆ ತಿಂಗಳಿಗೆ ಎಂಟುನೂರಕ್ಕೂ ಜಾಸ್ತಿ ಕ್ಯಾಲರಿ ಉಳಿಯಿತು. ಕಾಗದದ ಲೆಕ್ಕದಲ್ಲಿ ವರ್ಷಕ್ಕೆ ಒಂದು ಕಿಲೋ ಚಿಲ್ಲರೆ. ಯಾರಿಗೂ ಗೊತ್ತಾಗದ ಹಾಗೆ, ಯಾರ ಬಾಯಿರುಚಿಯೂ ಕೆಡದ ಹಾಗೆ.

ಮುದ್ದೆ ತಿಂದರೆ ತೂಕ ಇಳಿಯುತ್ತದೆ ಎನ್ನುವ ನಂಬಿಕೆ ಈಗ ಜಾಸ್ತಿಯಾಗಿದೆ. ನಾನೂ ಮುದ್ದೆ ಪಕ್ಷದವನೇ. ಆದರೂ ನಿಜ ಹೇಳಬೇಕಲ್ಲ, 100 ಗ್ರಾಂ ರಾಗಿಯಲ್ಲಿ ಸುಮಾರು 320 ಕ್ಯಾಲರಿ, ಪಾಲಿಶ್ ಅಕ್ಕಿಯಲ್ಲಿ 355. ಅಂಥಾ ವ್ಯತ್ಯಾಸವೇನಲ್ಲ. ನಾರಿನಲ್ಲಿ ಮಾತ್ರ ಭಾರಿ ವ್ಯತ್ಯಾಸ, ರಾಗಿಯಲ್ಲಿ 11 ಗ್ರಾಂ, ಅಕ್ಕಿಯಲ್ಲಿ ಮೂರೂ ಇಲ್ಲ. ಹಾಗಾಗಿ ಬೇಗ ಹೊಟ್ಟೆ ತುಂಬುತ್ತದೆ, ಸಕ್ಕರೆ ನಿಧಾನ ಏರುತ್ತದೆ. ಆದರೆ ಎರಡು ಮುದ್ದೆ ಉಂಡ ಮೇಲೆ ಪದ್ಧತಿಯಂತೆ ಅನ್ನವನ್ನೂ ಕಲಸಿಕೊಂಡರೆ ರಾಗಿ ತಾನೇ ಏನು ಮಾಡೀತು?

ಹೆಣ್ಣುಮಕ್ಕಳದು ಬೇರೆಯೇ ಕಷ್ಟ. ಮಿಕ್ಕಿದ್ದನ್ನು ಬಿಸಾಡಬಾರದು ಅಂತ ಅವರೇ ತಿನ್ನುತ್ತಾರೆ. 'ಮನೆಗೆಲಸವೇ ವ್ಯಾಯಾಮ' ಎನ್ನುವ ಗಂಡಸರು, ಮಿಕ್ಸಿ, ವಾಷಿಂಗ್ ಮೆಷಿನ್ ಬಂದು ಎಷ್ಟು ಕಾಲವಾಯಿತು ಎಂದು ಯೋಚಿಸಬೇಕು. ಹಳ್ಳಿಯಲ್ಲಿ ಒಬ್ಬ ಸೊಸೆ ಸಂಜೆ ವಾಕಿಂಗ್ ಹೊರಟರೆ 'ಎಲ್ಲಿಗೆ ಹೊರಟೆಯಮ್ಮಾ' ಎಂದು ಕೇಳುವವರು ಹತ್ತು ಜನ.

ತೂಕ ಅಲುಗಾಡದಿದ್ದರೆ ಬೇಜಾರು ಮಾಡಿಕೊಂಡು ಬಿಡುವವರಿಗೆ ಚೆನ್ನೈನ ಒಂದು ಅಧ್ಯಯನ ನೆನಪಿಸುತ್ತೇನೆ. 2006ರಲ್ಲಿ ಪ್ರಕಟವಾಯಿತು, 531 ಜನ, ಮೂರು ವರ್ಷ. ಊಟ ಸರಿಮಾಡಿಕೊಂಡು ನಡೆದವರ ತೂಕ ಹೆಚ್ಚೇನೂ ಇಳಿಯಲಿಲ್ಲ, ಆದರೂ ಅವರಲ್ಲಿ ಸಕ್ಕರೆ ಕಾಯಿಲೆ ಬರುವುದು ಶೇ 28.5 ಕಡಿಮೆಯಾಯಿತು. ಮೆಷಿನ್ ಮುಳ್ಳು ನಿಂತಲ್ಲೇ ನಿಂತಿದ್ದರೂ ಒಳಗೆ ಕೆಲಸ ನಡೆಯುತ್ತಿರುತ್ತದೆ.

ಈಗ ಸ್ವಲ್ಪ ನಿಮ್ಮ ಮೇಲೇ ದೂರು, ಬೇಜಾರು ಮಾಡಿಕೊಳ್ಳಬೇಡಿ. ಎಲ್ಲ ಪತ್ರಿಕೆಗಳಿಗೂ ಸೇರಿಸಿ ಹೇಳುತ್ತಿದ್ದೇನೆ. ಒಂದು ಪುಟದಲ್ಲಿ ಡಾಕ್ಟರ ಲೇಖನ, ಇನ್ನೊಂದು ಪುಟದಲ್ಲಿ 'ತಿಂಗಳಲ್ಲಿ 15 ಕಿಲೋ ಇಳಿಸಿ, ಪಥ್ಯವಿಲ್ಲ, ವ್ಯಾಯಾಮವಿಲ್ಲ' ಎನ್ನುವ ಜಾಹೀರಾತು. 1954ರ ಡ್ರಗ್ಸ್ ಅಂಡ್ ಮ್ಯಾಜಿಕ್ ರೆಮಿಡೀಸ್ ಕಾಯ್ದೆಯಲ್ಲಿ ಒಂದು ಪಟ್ಟಿ ಇದೆ. ಆ ಪಟ್ಟಿಯ ಕಾಯಿಲೆಗಳಿಗೆ ಔಷಧಿ ಎಂದು ಜನರಿಗೆ ಜಾಹೀರಾತು ಕೊಡುವುದು ಅಪರಾಧ, ಅದರ ಪ್ರಕಟಣೆಯಲ್ಲಿ ಪಾಲುಗೊಳ್ಳುವುದೂ ಅಪರಾಧ. ಪಟ್ಟಿಯಲ್ಲಿ ಕ್ಯಾನ್ಸರ್, ಸಕ್ಕರೆ ಕಾಯಿಲೆ ಜೊತೆಗೆ ಬೊಜ್ಜು ಕೂಡ ಇದೆ. 'ಇದು ಔಷಧಿಯಲ್ಲ, ಬರೀ ಪೌಡರ್' ಎಂದು ನುಣುಚಿಕೊಳ್ಳುವವರು ಬೇರೆ. ತಿಂಗಳಿಗೆ 15 ಕಿಲೋ ನಿಜಕ್ಕೂ ಇಳಿದರೆ ಅದು ಖುಷಿಪಡುವ ವಿಷಯವೂ ಅಲ್ಲ. ಅಷ್ಟು ವೇಗವಾಗಿ ಇಳಿದರೆ ಪಿತ್ತಕೋಶದಲ್ಲಿ ಕಲ್ಲಾಗಬಹುದು, ಕೊಬ್ಬಿನ ಜೊತೆ ಮಾಂಸಖಂಡವೂ ಹೋಗುತ್ತದೆ. ಇನ್ನು ಏನೂ ಮಾಡದೆ ತಾನಾಗಿಯೇ ಸಣ್ಣಗಾಗುತ್ತಿದ್ದರೆ ಮೊದಲು ಡಾಕ್ಟರ ಹತ್ತಿರ ಹೋಗಬೇಕು, ಸಕ್ಕರೆ ಕಾಯಿಲೆಯೋ ಟಿಬಿಯೋ ಇರಬಹುದು.

ತೂಕ ಇಳಿಸುವ ಇಂಜೆಕ್ಷನ್ ಬಗ್ಗೆಯೂ ಕೇಳುತ್ತಾರೆ. ಮೌಂಜಾರೋ 2025ರ ಮಾರ್ಚಿನಲ್ಲಿ, ವೆಗೋವಿ ಜೂನಿನಲ್ಲಿ ನಮ್ಮ ದೇಶಕ್ಕೆ ಬಂದವು. ನಾನು ಅದರ ವಿರೋಧಿಯಲ್ಲ. 110–120 ಕಿಲೋ ಇದ್ದು, ಉಸಿರಾಡಲೂ ಕಷ್ಟಪಡುವವರಿಗೆ ಡಾಕ್ಟರ ಕಣ್ಣೆದುರಿನಲ್ಲಿ ಅದು ವರವಾಗಬಹುದು. ಅಂಥವರಿಗೆ ನನ್ನ ಐದು ಕಿಲೋ ಲೆಕ್ಕ ಸಾಲದು ಎನ್ನುವುದೂ ನಿಜ. ಆದರೆ ವೆಗೋವಿಯಲ್ಲಿರುವ ಔಷಧಿಯನ್ನು ನಿಲ್ಲಿಸಿದವರನ್ನು ನೋಡಿದಾಗ, ಇಳಿದ ತೂಕದಲ್ಲಿ ಮೂರರಲ್ಲಿ ಎರಡು ಪಾಲು ಒಂದೇ ವರ್ಷದಲ್ಲಿ ವಾಪಸ್ ಬಂದಿತ್ತು. ಮಗಳ ಮದುವೆಗೆ ಐದು ಕಿಲೋ ಇಳಿಸಲು ಯಾರೋ ಹೇಳಿದರೆಂದು ಚುಚ್ಚಿಸಿಕೊಳ್ಳುವವರಿಗೆ ಈ ಮಾತು ಮೊದಲೇ ತಿಳಿದಿರಬೇಕು.

ಮದುವೆ ಅಂದಾಗ ನೆನಪಾಯಿತು. ಬೇಡ ಬೇಡ ಎಂದು ಎಲೆಗೆ ಕೈ ಅಡ್ಡ ಹಿಡಿದರೂ ಬೆರಳ ಸಂದಿಯಲ್ಲಿ ಹೋಳಿಗೆ ತುರುಕಿ, ತುಪ್ಪ ಸುರಿದು, ಅದೇ ಮನುಷ್ಯ ಕೈತೊಳೆಯುವಾಗ 'ಏನ್ ಸಾರ್, ಹೊಟ್ಟೆ ಬಂದುಬಿಟ್ಟಿದೆ' ಎನ್ನುವ ನಮ್ಮ ಜನರಿಗೆ ಏನು ಹೇಳುವುದು? ಎರಡರಲ್ಲಿ ಒಂದಾದರೂ ನಿಲ್ಲಿಸಿ. ಶಾಲೆಯಲ್ಲಂತೂ ಡುಮ್ಮ, ಡುಮ್ಮಿ ಎಂದು ಕರೆಸಿಕೊಂಡ ಮಕ್ಕಳು ಮೊದಲು ಬಿಡುವುದೇ ಆಟವನ್ನು. ಗೇಲಿ ಮಾಡಿದ್ದಕ್ಕೆ ಸಣ್ಣಗಾದ ಒಂದು ಮಗುವನ್ನೂ ನಾನು ನೋಡಿಲ್ಲ.

ಸರಕಾರಕ್ಕೆ ಹೊಸ ಯೋಜನೆ ಬೇಕಿಲ್ಲ. ಆಶಾ ಕಾರ್ಯಕರ್ತೆಯರು 30 ದಾಟಿದವರ ಮನೆಗೆ ಬಂದು ತುಂಬಿಸುವ ಫಾರಂನಲ್ಲಿ ಸೊಂಟದ ಸುತ್ತಳತೆಯ ಕಾಲಂ ಆಗಲೇ ಇದೆ, ಅದೇ 80 ಮತ್ತು 90ರ ಲೆಕ್ಕದಲ್ಲಿ. ಆದರೆ ಪರ ಗಂಡಸರ ಸೊಂಟಕ್ಕೆ ಟೇಪ್ ಹಿಡಿಯಿರಿ ಎಂದರೆ ಆ ಹೆಣ್ಣುಮಕ್ಕಳಿಗೂ ಮುಜುಗರ, ಇವರಿಗೂ ಮುಜುಗರ, ಅಂದಾಜಿನಲ್ಲಿ ಬರೆದುಬಿಡುವ ಪರಿಸ್ಥಿತಿ ಬರುತ್ತದೆ. ಟೇಪನ್ನು ಮನೆಯವರ ಕೈಗೇ ಕೊಟ್ಟು, ಎಲ್ಲಿ ಹಿಡಿಯಬೇಕೆಂದು ತೋರಿಸಿದರೆ ಮುಗಿಯಿತು.

ಇನ್ನೊಂದು ಕೋರಿಕೆ ನನ್ನ ಇಲಾಖೆಗೇ. ಊರೂರಲ್ಲೂ ಸರಕಾರಿ ಶಾಲೆ ಇದೆ, ಎಷ್ಟೋ ಕಡೆ ಕಾಂಪೌಂಡ್ ಇರುವ ಮೈದಾನವೂ ಇದೆ. ಬೆಳಿಗ್ಗೆ ಐದೂವರೆಯಿಂದ ಏಳೂವರೆ, ಸಂಜೆ ಶಾಲೆ ಬಿಟ್ಟ ಮೇಲೆ ಏಳರವರೆಗೆ ಗೇಟ್ ತೆಗೆದು, ಒಂದೆರಡು ದೀಪ ಹಾಕಿಸಿದರೆ ಹೆಂಗಸರು ನಾಯಿ, ಲಾರಿ, ಕೇಳುವವರ ಕಾಟವಿಲ್ಲದೆ ನಡೆಯಬಹುದು. ಕೀಲಿಕೈ ಯಾರ ಹತ್ತಿರ ಇರಬೇಕು, ಏನಾದರೂ ಕಳವಾದರೆ ಜವಾಬ್ದಾರಿ ಯಾರದು ಎನ್ನುವ ಪ್ರಶ್ನೆ ಬಂದೇ ಬರುತ್ತದೆ, ಹೆಡ್‌ಮಾಸ್ಟರುಗಳು ಹೆದರುವುದೂ ಸಹಜ. ಅದಕ್ಕೆ ಎಸ್‌ಡಿಎಂಸಿಗೆ (ಶಾಲಾಭಿವೃದ್ಧಿ ಸಮಿತಿಗೆ) ಜವಾಬ್ದಾರಿ ಕೊಟ್ಟು ಮೇಲಿನಿಂದಲೇ ಒಂದು ಸುತ್ತೋಲೆ ಬರಬೇಕು. ನಿಮ್ಮ ವರದಿಗಾರರು ಶಿಕ್ಷಣ ಇಲಾಖೆಯವರನ್ನು ಈ ಬಗ್ಗೆ ಕೇಳಿ, ಅವರು ಏನು ಹೇಳಿದರು ಎಂದು ಪ್ರಕಟಿಸಿದರೆ ಉಪಕಾರವಾಗುತ್ತದೆ.

– ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ, ಮೈಸೂರು